ಛೇದಪುರಾಣ

ಭಿನ್ನರಾಶಿಯಲ್ಲಿ ಗೆರೆಯ ಮೇಲೆ ಕುಳಿತ ಸಂಖ್ಯೆಗೆ ಸಲ್ಲುವ ಮರ್ಯಾದೆ ಗೆರೆಯ ಕೆಳಗೆ ಕುಳಿತದ್ದಕ್ಕೆ ಎಂದೂ ಸಂದದ್ದಿಲ್ಲ. ಹುಡುಗ ಎಷ್ಟು ಅಂಕ ತೆಗೆದ, ವ್ಯಾಪಾರದಲ್ಲಿ ಎಷ್ಟು ಬಂತು, ಪಗಡೆಯಲ್ಲಿ ಎಷ್ಟು ಸಲ ಗೆದ್ದ ಎಂದು ಆಸ್ಥೆಯಿಂದ ವಿಚಾರಿಸುವ ಲೋಕವು, ಎಷ್ಟಕ್ಕೆ ತೆಗೆದ, ಎಷ್ಟು ಹಾಕಿದ್ದಕ್ಕೆ ಬಂತು, ಎಷ್ಟು ಆಟವಾಡಿ ಗೆದ್ದ ಎಂಬ ಮರುಪ್ರಶ್ನೆಯನ್ನು ಕೇಳುವುದು ಅಪೂರ್ವ. ಅಂಶವೆಂಬುದು ಬಾಸಿಂಗ ಕಟ್ಟಿಕೊಂಡು ಮಂಟಪದ ನಡುವೆ ಮೆರೆಯುವ ಮದುಮಗ. ಛೇದವೆಂಬುದು ಸಮಸ್ತ ವೆಚ್ಚವನ್ನೂ ಹೊತ್ತು ಕಂಬದ ಮರೆಯಲ್ಲಿ ನಿಂತ ಹೆಣ್ಣಿನ ತಂದೆ. ಆತನನ್ನು ಯಾರೂ ಮಾತನಾಡಿಸುವುದಿಲ್ಲ. ಆದರೆ ಆತನ ಚೀಲ ಸೊನ್ನೆಯಾದ ಗಳಿಗೆಯಲ್ಲಿ ಮದುವೆಯೇ ನಿಂತುಹೋಗುತ್ತದೆ.

ಪಿಯುಸಿ ಮೊದಲ ವರ್ಷದ ಗಣಿತಪುಸ್ತಕದಲ್ಲಿ ಭಾಗಲಬ್ಧ ಉತ್ಪನ್ನಗಳ ಪ್ರಸ್ತಾಪವು ಆರಂಭದಲ್ಲಿಯೂ ಸಂಭವನೀಯತೆಯ ಅಧ್ಯಾಯವು ಅಂತ್ಯದಲ್ಲಿಯೂ ಬಂದು, ನಡುವೆ ತ್ರಿಕೋನಮಿತಿಯೇ ಮೊದಲಾದ ವಿಷಯಗಳು ಅಡ್ಡ ನಿಂತಿರುವುದರಿಂದ, ಪರೀಕ್ಷೆ ಸಮೀಪಿಸಿದಾಗ ಪುನರಾವರ್ತನೆಗೆ ಕುಳಿತ ವಿದ್ಯಾರ್ಥಿಗೆ ಇವೆರಡಕ್ಕೂ ಯಾವ ಬಾಂಧವ್ಯವೂ ಇಲ್ಲವೆಂದು ತೋರುವುದು ಸಹಜವೇ. ವಸ್ತುತಃ ಎರಡೂ ಕಲಿಸುವ ಶಿಷ್ಟಾಚಾರ ಒಂದೇ: ಮೇಲಿನದನ್ನು ಮುಟ್ಟುವ ಮೊದಲು ಕೆಳಗಿನದನ್ನು ನೋಡು. ಮೊದಲನೆಯದು ಛೇದವು ಎಲ್ಲಿ ಸೊನ್ನೆಯಾಗುತ್ತದೆಂದು ಕೇಳುತ್ತದೆ. ಎರಡನೆಯದು ಛೇದವು ಯಾವುದೆಂದು ಕೇಳುತ್ತದೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವನಿಗೆ ಮಿಕ್ಕದ್ದೆಲ್ಲ ಕೂಡುವ ಕಳೆಯುವ ಕೆಲಸ.

ಈ ತತ್ತ್ವವನ್ನು ನನ್ನ ಸೋದರಳಿಯನಿಗೆ ಬೋಧಿಸುವ ಪ್ರಸಂಗವು ಧಾರವಾಡದ ನಮ್ಮ ಪಡಸಾಲೆಯಲ್ಲಿ ಒದಗದೆ, ಗೋದಾವರಿಯ ಉಗಮಸ್ಥಾನವಾದ ತ್ರ್ಯಂಬಕೇಶ್ವರದಲ್ಲಿ ಒದಗಿದ್ದಕ್ಕೆ ನಮ್ಮ ಅವ್ವನೇ ಕಾರಣ. ಹುಡುಗನ ಜಾತಕದಲ್ಲಿ ಕಾಲಸರ್ಪಯೋಗವಿದೆಯೆಂದು ಯಾರೋ ಜೋಯಿಸರು ಹೇಳಿದ್ದರು. ಅದರ ಶಾಂತಿಗೆ ತ್ರ್ಯಂಬಕಕ್ಕಿಂತ ಮಿಗಿಲಾದ ಕ್ಷೇತ್ರವಿಲ್ಲವೆಂಬುದು ನಮ್ಮ ಕಡೆಯ ಅಜ್ಜಿಯರ ಒಮ್ಮತದ ಅಭಿಪ್ರಾಯ. "ಪುಸ್ತಕಾ ಕಟಗೊಂಡು ಬಾ, ಅಲ್ಲೇ ಓದೀಯಂತ" ಎಂದು ಅವ್ವ ತೀರ್ಪಿತ್ತ ಮೇಲೆ ಮೇಲ್ಮನವಿಗೆ ಅವಕಾಶವೆಲ್ಲಿ? ನಾಶಿಕದಿಂದ ಸುಮಾರು 28 ಕಿಲೋಮೀಟರು ದೂರದಲ್ಲಿ, ಬ್ರಹ್ಮಗಿರಿಯ ಪಾದದಲ್ಲಿ, ಕಪ್ಪು ಕಲ್ಲಿನ ದೇವಾಲಯವನ್ನು ಸುತ್ತಿಕೊಂಡು ಬೆಳೆದ ಊರದು. ಬೆಟ್ಟದಲ್ಲಿ ತಲೆದೋರಿ ಮರೆಯಾಗಿ ಹೋಗುತ್ತಿದ್ದ ಗಂಗೆಯನ್ನು ಗೌತಮ ಋಷಿಯು ದರ್ಭೆಯಿಂದ ತಡೆದು ನಿಲ್ಲಿಸಿದನೆಂಬ ಕುಶಾವರ್ತ ತೀರ್ಥ ಅಲ್ಲಿದೆ. ನೃಪತುಂಗನ ಕಾಲದ ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆದಿದೆಯಷ್ಟೆ. ಆ ಲೆಕ್ಕದಂತೆ ಕುಶಾವರ್ತದ ಮೆಟ್ಟಿಲ ಮೇಲೆ ಕುಳಿತ ಕನ್ನಡಿಗನು ಪರದೇಶಿಯಲ್ಲ, ತನ್ನ ಹಳೆಯ ಗಡಿಯನ್ನು ನೋಡಲು ಬಂದವನು.

ಯಾತ್ರಿನಿವಾಸದ ಮಂಚದ ಮೇಲೆ ಪುಸ್ತಕ ಹರಡಿಕೊಂಡ ಅಳಿಯನು, ಎಕ್ಸ್‌ನ ವರ್ಗದಲ್ಲಿ ಒಂಬತ್ತನ್ನು ಕಳೆದು, ಬಂದದ್ದನ್ನು ಎಕ್ಸ್‌ನಲ್ಲಿ ಮೂರು ಕಳೆದದ್ದರಿಂದ ಭಾಗಿಸುವ ಲೆಕ್ಕವನ್ನು ಕೈಗೆತ್ತಿಕೊಂಡು, ಮೇಲಿನದನ್ನು ಅಪವರ್ತಿಸಿ, ಮೇಲೂ ಕೆಳಗೂ ಇದ್ದ ಸಮಾನ ಪದವನ್ನು ಹೊಡೆದುಹಾಕಿ, ಎಕ್ಸ್‌ಗೆ ಮೂರು ಕೂಡಿಸಿದ್ದೇ ಉತ್ತರವೆಂದು ಬರೆದು ಅಡಿಗೆರೆ ಎಳೆದ.

"ಎಕ್ಸ್ ಮೂರಾದರ ಎಷ್ಟು?" ಎಂದೆ.

"ಆರು, ಮಾಮಾ."

"ಹೊಡೆದುಹಾಕೂದಕ್ಕಿಂತ ಮೊದಲ ಮೂರು ಇಟ್ಟು ನೋಡು."

ಇಟ್ಟು ನೋಡಿದ. ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಹುಡುಗನ ಮುಖದಲ್ಲಿ ಕಂಡ ವಿಸ್ಮಯವನ್ನು ನೋಡಿದರೆ ಯಾವ ಮೇಷ್ಟರಿಗಾದರೂ ತಾನು ಕಲಿಸಿದ್ದು ಸಾರ್ಥಕವೆನಿಸುತ್ತಿತ್ತು. ಆ ಉತ್ಪನ್ನದ ನಕ್ಷೆ ಒಂದು ಸರಳರೇಖೆ, ನಿಜ. ಆದರೆ ಮೂರಕ್ಕೆ ನೇರವಾಗಿ, ಆರರ ಎತ್ತರದಲ್ಲಿ, ಕೇವಲ ಒಂದು ಬಿಂದುವಿನಷ್ಟು ಗಾತ್ರದ ತೂತೊಂದು ಅದರಲ್ಲಿದೆ. ಆ ತೂತು ಪರೀಕ್ಷಕನ ಕಣ್ಣಿಗಲ್ಲದೆ ಮತ್ತಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಒಂದನ್ನೇ ಅಂಶವಾಗಿಟ್ಟು, ಅದೇ ಎಕ್ಸ್ ಕಳೆ ಮೂರನ್ನು ಛೇದವಾಗಿಟ್ಟರೆ ಕಥೆಯೇ ಬೇರೆ. ಎಕ್ಸ್ 3.1 ಆದಾಗ ಬೆಲೆ 10, 3.01 ಆದಾಗ 100, 3.001 ಆದಾಗ 1000. ಮೂರರ ಈಚೆ ಬದಿಯಿಂದ ಬಂದರೆ, 2.9ಕ್ಕೆ ಋಣ 10, 2.99ಕ್ಕೆ ಋಣ 100. ಒಂದು ಕಡೆ ಆಕಾಶಕ್ಕೆ ಏರುತ್ತ, ಇನ್ನೊಂದು ಕಡೆ ಪಾತಾಳಕ್ಕೆ ಇಳಿಯುತ್ತ, ನಡುವೆ ನಿಂತ ಲಂಬರೇಖೆಯನ್ನು ವಕ್ರವು ಸಮೀಪಿಸುವುದೇ ಹೊರತು ಎಂದೂ ಸ್ಪರ್ಶಿಸುವುದಿಲ್ಲ. ಛೇದವನ್ನು ಸೊನ್ನೆ ಮಾಡುವ ಅಪವರ್ತನವು ಅಂಶದಲ್ಲಿಯೂ ಇದ್ದು ಕೆಳಗೆ ಶೇಷವಿಲ್ಲದಂತೆ ಹೊಡೆದುಹೋದರೆ ತೂತು; ಕೆಳಗೆ ಉಳಿದುಕೊಂಡರೆ ಅನಂತಸ್ಪರ್ಶಕವೆಂಬ ಆ ಲಂಬರೇಖೆ. ಇಡೀ ಪ್ರಕರಣದ ಮರ್ಮ ಇಷ್ಟೇ.

ಛೇದದಲ್ಲಿ ಬಂದು ಕುಳಿತ ಸೊನ್ನೆಯು ಪಿಯುಸಿಯ ಹುಡುಗರನ್ನು ಮಾತ್ರ ಕಾಡಿದ್ದಲ್ಲ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂದ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಇದ್ದಂತೆಯೇ ಉಳಿಯುತ್ತದೆಂದ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಪೂರೈಸಿದ ಭಾಸ್ಕರಾಚಾರ್ಯನು ಅಂತಹ ರಾಶಿಗೆ ಖಹರವೆಂಬ ಹೆಸರನ್ನಿತ್ತು, ಏನನ್ನು ಕೂಡಿದರೂ ಕಳೆದರೂ ಅದು ವಿಕಾರ ಹೊಂದದೆಂದು ಹೇಳಿ, ಸೃಷ್ಟಿಪ್ರಳಯಗಳಲ್ಲಿ ಜೀವಕೋಟಿ ಹೊರಬಿದ್ದರೂ ಒಳಸೇರಿದರೂ ಏರುಪೇರಾಗದ ಭಗವಂತನನ್ನು ದೃಷ್ಟಾಂತವಾಗಿ ತಂದ. ಇಂದಿನ ಪಠ್ಯಪುಸ್ತಕವು ಮೂವರಿಗೂ ನಮಸ್ಕರಿಸಿ, ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವನ್ನೇ ಕಲ್ಪಿಸಿಲ್ಲವೆಂದು ಬಾಗಿಲು ಮುಚ್ಚಿಬಿಡುತ್ತದೆ. ಆದರೂ 3.1, 3.01, 3.001 ಎಂದು ಮೂರರ ಹತ್ತಿರಕ್ಕೆ ಹೆಜ್ಜೆಯಿಟ್ಟು ಬಂದವನಿಗೆ ಭಾಸ್ಕರನ ದೃಷ್ಟಿ ಎಲ್ಲಿ ನೆಟ್ಟಿತ್ತೆಂಬುದು ಹೊಳೆಯದೆ ಇರದು. ಮಹಾವೀರನನ್ನು ಹಗುರಾಗಿ ಕಾಣಬೇಕಾದುದೂ ಇಲ್ಲ: ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲ.ಸಾ.ಅ. ತೆಗೆದು ಸಮಚ್ಛೇದ ಮಾಡುವ ಸುಲಭಮಾರ್ಗವನ್ನು ನಿರುದ್ಧವೆಂಬ ಹೆಸರಿನಿಂದ ವಿಧಿಸಿದವನು ಆತನೇ. ಎರಡು ಭಾಗಲಬ್ಧ ಉತ್ಪನ್ನಗಳನ್ನು ಕೂಡಿಸುವ ಇಂದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ರಾಷ್ಟ್ರಕೂಟರ ಕಾಲದ ಆ ಗಣಿತಜ್ಞನು ತೋರಿದ ದಾರಿಯಲ್ಲಿಯೇ ನಡೆಯುತ್ತಾನೆ.

ಭಾಸ್ಕರನ ಊರಿನ ವಿಷಯದಲ್ಲಂತೂ ಹಳೆಯ ವ್ಯಾಜ್ಯವೊಂದುಂಟು. ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ ಜನಿಸಿದ ಆತನು ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕೆಲವರೂ, ಖಾನದೇಶದ ಪಾಟಣದ ಪರಿಸರವೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. ಚಾಳೀಸಗಾಂವದ ಬಳಿಯ ಆ ಪಾಟಣದಲ್ಲಿ ದೊರೆತ 1207ರ ಶಾಸನವು, ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನಜ್ಯೋತಿಷಿಯೂ ಭಾಸ್ಕರನ ಮೊಮ್ಮಗನೂ ಆದ ಚಾಂಗದೇವನು ತನ್ನ ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿಯೇ ಮಠವೊಂದನ್ನು ನಿಲ್ಲಿಸಿದ ಸಂಗತಿಯನ್ನು ತಿಳಿಸುತ್ತದೆ. ಅಲ್ಲಿಂದ ಘಟ್ಟ ಹತ್ತಿದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ ಎಂಬ ಹೆಸರಿನ ತಾಲ್ಲೂಕೇ ಎದುರಾಗುತ್ತದೆ. ಇದನ್ನೆಲ್ಲ ಕೇಳಿದ ಅಳಿಯನಿಗೆ ವ್ಯಾಜ್ಯದಲ್ಲಿ ಆಸಕ್ತಿ ಹುಟ್ಟಲಿಲ್ಲ. "ಅಜ್ಜನ ಪುಸ್ತಕಾ ಕಲಸಾಕ ಸಾಲೀನ ಕಟ್ಟಿಸಿದ್ನ? ಪಾಪ, ಆ ಹುಡುಗರು!" ಎಂದು, 800 ವರ್ಷಗಳ ಹಿಂದಿನ ಸಹಪಾಠಿಗಳಿಗಾಗಿ ಮರುಗಿದ.

ಮರುಕಕ್ಕೆ ಕಾರಣವಿತ್ತು. ಸಂಭವನೀಯತೆಗೆ ಹೋಗುವ ದಾರಿಯಲ್ಲಿ ಕ್ರಮಯೋಜನೆಯೆಂಬ ತಡೆಗಟ್ಟೆಯಿದೆಯಷ್ಟೆ. ಅದನ್ನು ಭಾಸ್ಕರನು ಲೀಲಾವತಿಯ ಅಂಕಪಾಶದಲ್ಲಿ ಮಂಡಿಸುವ ರೀತಿಯೇ ರಮಣೀಯ. ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ಶೂಲ, ಖಟ್ವಾಂಗ, ಶಕ್ತಿ, ಶರ, ಚಾಪಗಳೆಂಬ ಹತ್ತು ವಸ್ತುಗಳನ್ನು ಶಂಭುವು ತನ್ನ ಹತ್ತು ಕೈಗಳಲ್ಲಿ ಅದಲುಬದಲಾಗಿ ಹಿಡಿದರೆ ಎಷ್ಟು ಮೂರ್ತಿಭೇದಗಳಾದಾವು? ಶಂಖಚಕ್ರಗದಾಪದ್ಮಗಳನ್ನು ಹಿಡಿದ ಹರಿಗೆ ಎಷ್ಟು? ಹರಿಗೆ 24; ಶಂಭುವಿಗೆ 36,28,800. ತ್ರ್ಯಂಬಕನ ಸನ್ನಿಧಿಯಲ್ಲಿಯೇ ಕುಳಿತು ಈ ಲೆಕ್ಕವನ್ನು ಮಾಡುವ ಭಾಗ್ಯ ಎಷ್ಟು ವಿದ್ಯಾರ್ಥಿಗಳಿಗೆ ಬಂದೀತು! ಶಿವನು ಸೆಕೆಂಡಿಗೊಂದು ರೂಪವನ್ನು ತಾಳುತ್ತ ಹೋದರೆ ಸಮಸ್ತ ರೂಪಗಳೂ ಮುಗಿಯಲು ಎಷ್ಟು ಕಾಲ ಬೇಕೆಂದು ಅಳಿಯನನ್ನು ಕೇಳಿದೆ. ಆತ ದಿನಕ್ಕೆ 86,400 ಸೆಕೆಂಡುಗಳೆಂದು ಭಾಗಿಸಿ, ಶೇಷವೇ ಉಳಿಯದೆ ಸರಿಯಾಗಿ 42 ದಿನಗಳೆಂಬ ಉತ್ತರ ಬಂದಾಗ, ತನ್ನ ಭಾಗಾಕಾರದ ಮೇಲೆ ತನಗೇ ನಂಬಿಕೆ ಸಾಲದೆ ಮತ್ತೊಮ್ಮೆ ಮಾಡಿದ. ಎರಡನೆಯ ಸಲವೂ 42 ಬಂತು. ಕಣ್ಣು ಮುಚ್ಚಿಕೊಂಡು ಆಯುಧಗಳನ್ನು ಹಂಚಿದ ಶಿಲ್ಪಿಯೊಬ್ಬನಿಗೆ ಶಾಸ್ತ್ರೋಕ್ತವಾದ ಒಂದೇ ಮೂರ್ತಿ ಒದಗಿಬರುವ ಸಂಭವ 36,28,800ರಲ್ಲಿ ಒಂದು. ಛೇದದ ಪರಾಕ್ರಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

ಆ ದೇವಾಲಯದ ಬಗ್ಗೆಯೇ ಊರಿನಲ್ಲಿ ಹೇಳುವ ಐತಿಹ್ಯವೊಂದು ಸಂಭವನೀಯತೆಗೆ ನೇರವಾಗಿ ಸಂಬಂಧಿಸಿದೆ. ಜ್ಯೋತಿರ್ಲಿಂಗವನ್ನು ಸುತ್ತುವರಿದ ಕಲ್ಲು ಒಳಗೆ ಟೊಳ್ಳೋ ಗಟ್ಟಿಯೋ ಎಂದು ನಾನಾಸಾಹೇಬ ಪೇಶ್ವೆಯು ಪಣ ಕಟ್ಟಿದನಂತೆ. ಕಲ್ಲು ಟೊಳ್ಳೆಂದು ತಿಳಿದು ಪಣದಲ್ಲಿ ಸೋತು, ಈಗಿರುವ ಭವ್ಯ ಮಂದಿರವನ್ನು ಕಟ್ಟಿಸಿಕೊಟ್ಟನಂತೆ. "ಹಂಗಾದ್ರ ಪೇಶ್ವೆ ಗೆಲ್ಲೂ ಸಂಭವ ಅರ್ಧ, ಹೌದಲ್ಲ ಮಾಮಾ? ಟೊಳ್ಳು ಇಲ್ಲಾ ಗಟ್ಟಿ, ಎರಡೇ" ಎಂದ ಅಳಿಯ. ಫಲಿತಗಳು ಎರಡಾದ ಮಾತ್ರಕ್ಕೆ ಎರಡರ ತೂಕವೂ ಸಮವೆಂದು ಯಾರು ಹೇಳಿದರು? ಹಾಗೆ ಹೇಳುವುದಾದರೆ ನಾಳೆ ಸೂರ್ಯ ಹುಟ್ಟುವುದೂ ಅರ್ಧವೇ ಆದೀತು. ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮಬಹುದು. ಕಲ್ಲನ್ನು ಮತ್ತೆ ಮತ್ತೆ ಹುಟ್ಟಿಸಲಾಗದು. ಅದು ಮೊದಲಿನಿಂದಲೂ ಟೊಳ್ಳೇ. ಪೇಶ್ವೆಯ ಪಣ ಅಳೆದದ್ದು ಕಲ್ಲನ್ನಲ್ಲ, ಕಲ್ಲಿನ ವಿಷಯದಲ್ಲಿ ಅವನಿಗಿದ್ದ ಅಜ್ಞಾನವನ್ನು.

ಇಷ್ಟು ಮಾತು ಬೆಳೆದ ಮೇಲೆ, ನಾವು ಬಂದ ಕಾರಣವಾದ ಕಾಲಸರ್ಪವೂ ಲೆಕ್ಕಕ್ಕೆ ಬಂತು. ರಾಹುಕೇತುಗಳು ಸದಾ ಎದುರುಬದುರಾಗಿದ್ದು ರಾಶಿಚಕ್ರವನ್ನು ಎರಡು ಸಮಭಾಗ ಮಾಡುತ್ತವೆ. ಮಿಕ್ಕ ಏಳು ಗ್ರಹಗಳೂ ಒಂದೇ ಪಕ್ಕದಲ್ಲಿ ಬಿದ್ದರೆ ಆ ಯೋಗ. ಮೊದಲನೆಯ ಗ್ರಹ ಎಲ್ಲಿಯಾದರೂ ಇರಲಿ. ಉಳಿದ ಆರರಲ್ಲಿ ಒಂದೊಂದೂ ಅದರ ಪಕ್ಕದಲ್ಲಿಯೇ ಇರುವ ಸಂಭವ ಅರ್ಧ. ಅರ್ಧವನ್ನು ಆರು ಸಲ ಗುಣಿಸಿದರೆ ಅರವತ್ತನಾಲ್ಕರಲ್ಲಿ ಒಂದು. ಅಳಿಯನು ಇದನ್ನು ಬಹು ಅಚ್ಚುಕಟ್ಟಾಗಿ ಬರೆದು ತೋರಿಸಿದ. ಆದರೆ ಹೀಗೆ ಗುಣಿಸಬೇಕಾದರೆ ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕೆಂಬ ನಿಯಮವನ್ನು ಪುಸ್ತಕವು ಸುಮ್ಮನೆ ಹೇಳಿಲ್ಲ. ಬುಧನು ಸೂರ್ಯನಿಂದ ಸುಮಾರು 28 ಡಿಗ್ರಿಗಿಂತಲೂ, ಶುಕ್ರನು ಸುಮಾರು 47 ಡಿಗ್ರಿಗಿಂತಲೂ ದೂರ ಹೋಗುವುದಿಲ್ಲ. ಇವರು ಒಡೆಯನ ಬೆನ್ನುಬಿಡದ ಪರಿವಾರ. ಇಬ್ಬರನ್ನೂ ಸೂರ್ಯನಿಗೇ ಕಟ್ಟಿಹಾಕಿದರೆ ಸ್ವತಂತ್ರರು ಐವರೇ, ಸಂಭವ ಹದಿನಾರರಲ್ಲಿ ಒಂದು. ಸತ್ಯವು ಈ ಎರಡು ಸಂಖ್ಯೆಗಳ ನಡುವೆ ಎಲ್ಲೋ ಇರಬೇಕು. ಹಾಗಾದರೆ 64 ಹುಡುಗರ ತರಗತಿಯಲ್ಲಿ ಒಬ್ಬರಿಂದ ನಾಲ್ವರವರೆಗೆ ಈ ಯೋಗದವರು ಸಿಗಬೇಕಲ್ಲವೆ ಎಂದರೆ, ಅದೂ ಅಷ್ಟು ಸಲೀಸಲ್ಲ: ಶನಿಗೆ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ, ಗುರುವಿಗೆ ಸುಮಾರು ಹನ್ನೆರಡು ವರ್ಷ, ಒಂದೇ ತರಗತಿಯ ಮಕ್ಕಳು ಒಂದೆರಡು ವರ್ಷಗಳ ಅಂತರದಲ್ಲಿ ಹುಟ್ಟಿದವರಾದ್ದರಿಂದ ಅವರ ಮಂದಗತಿಯ ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತವೆ. ಮಿಕ್ಕವರು ಒಂದು ಪಕ್ಕಕ್ಕೆ ಸೇರಿದ ಕಾಲದಲ್ಲಿ, ಚಂದ್ರನು ಆ ಪಕ್ಕವನ್ನು ದಾಟುವ ಸುಮಾರು ಎರಡು ವಾರ ಹುಟ್ಟಿದ ಶಿಶುಗಳಿಗೆಲ್ಲ ಒಟ್ಟಾಗಿ ಈ ಯೋಗ ಪ್ರಾಪ್ತ. ಯಾವ ತರಗತಿ, ಯಾವ ವರ್ಷ, ಯಾವ ಪಕ್ಷ ಎಂಬುದನ್ನು ಗೊತ್ತುಮಾಡದೆ ಇಷ್ಟರಲ್ಲಿ ಇಷ್ಟು ಎನ್ನುವ ಮಾತಿಗೆ ಅರ್ಥವಿಲ್ಲ. "ಅಂದ್ರ ನಮ್ಮ ಕ್ಲಾಸಿನಾಗ ನನಗೊಬ್ಬನಿಗೇ ಅಲ್ಲ!" ಎಂದು ಹುಡುಗನಿಗೆ ಆದ ಸಮಾಧಾನವು ಶಾಂತಿಹೋಮದಿಂದ ಆಗಬೇಕಾದದ್ದಕ್ಕಿಂತ ಕಡಿಮೆಯದಾಗಿರಲಿಲ್ಲ.

ತ್ರ್ಯಂಬಕದಿಂದ ಹೊರಟು ನಾಶಿಕವನ್ನು ಹಾಯುವಾಗ, ಪಕ್ಕದ ದೇವಳಾಲಿಯನ್ನು ನೆನೆಯದೆ ಹೋಗುವುದು ಗಣಿತದ ಯಾತ್ರಿಕನಿಗೆ ಸಲ್ಲದು. ಅಲ್ಲಿನ ಶಾಲೆಯಲ್ಲಿ 1930ರಿಂದ 1962ರವರೆಗೆ ಮೇಷ್ಟರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು 6174 ಎಂಬ ಸಂಖ್ಯೆಯ ಮಹಿಮೆಯನ್ನು 1949ರಲ್ಲಿ ಪ್ರಕಟಿಸಿದರು. ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆಯ ಅಂಕಿಗಳನ್ನು ಇಳಿಕೆಯಲ್ಲಿಯೂ ಏರಿಕೆಯಲ್ಲಿಯೂ ಜೋಡಿಸಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತ ಹೋದರೆ, ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದು ನಿಲ್ಲುತ್ತದೆ. ತ್ರ್ಯಂಬಕದ ಸಿಂಹಸ್ಥ ಮೇಳ ಜರುಗಿದ 2015ನ್ನೇ ಅಳಿಯ ಹಿಡಿದ: 5210ರಲ್ಲಿ 0125 ಕಳೆದರೆ 5085, ಅಲ್ಲಿಂದ 7992, 7173, 6354, 3087, 8352, ಕಡೆಗೆ 6174. ಏಳು ಹೆಜ್ಜೆಗಳೂ ಬೇಕಾದವು. ಕಣ್ಣು ಮುಚ್ಚಿ ಆರಿಸಿದ ನಾಲ್ಕಂಕಿ ಸಂಖ್ಯೆಯೊಂದು ಈ ದಾರಿಗೆ ಬಾರದಿರುವ ಸಂಭವವೆಷ್ಟು? ಮೇಲೆ 1111ರಿಂದ 9999ರವರೆಗಿನ ಒಂಬತ್ತು ಹಟಮಾರಿಗಳು, ಕೆಳಗೆ ಒಟ್ಟು ನಾಲ್ಕಂಕಿ ಸಂಖ್ಯೆಗಳು 9000, ಸಾವಿರದಲ್ಲಿ ಒಂದು. ಶಾಲೆಯ ಮೇಷ್ಟರೊಬ್ಬರು ಕಾಗದ ಪೆನ್ಸಿಲುಗಳಿಂದ ಕಂಡುಹಿಡಿದ ಈ ಸೊಗಸಿಗೆ ಅಂದಿನ ಪಂಡಿತರಲ್ಲಿ ಅನೇಕರು ಬೆಲೆ ಕೊಡಲಿಲ್ಲ. ಅವರೂ ಅಂಶವನ್ನು ಮಾತ್ರ ನೋಡುವ ಗುಂಪಿನವರೇ ಆಗಿದ್ದಿರಬೇಕು.

ಛತ್ರಪತಿ ಸಂಭಾಜಿನಗರದ ಕಡೆಗೆ ಸಾಗಿ ವೇರೂಳ ತಲುಪಿದರೆ, ನಮ್ಮ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವು ಬೆಟ್ಟವನ್ನೇ ಕಳೆದು ಮಾಡಿದ ಲೆಕ್ಕದ ಶೇಷವಾಗಿ ನಿಂತಿದೆ. ಆದರೆ ಸಂಭವನೀಯತೆಯ ವಿದ್ಯಾರ್ಥಿಯು ನೋಡಬೇಕಾದದ್ದು ರಾಮೇಶ್ವರವೆಂದು ಹೆಸರಾದ 21ನೆಯ ಗುಹೆಯನ್ನು. ಅಲ್ಲಿ ಶಿವಪಾರ್ವತಿಯರು ದಾಳವಾಡುತ್ತಿದ್ದಾರೆ. ಕೆಳಗೆ ಗಣಗಳು ನಂದಿಯನ್ನು ಪೀಡಿಸುತ್ತಿವೆ. ಪಠ್ಯದ ಎರಡು ದಾಳಗಳನ್ನು ಒಟ್ಟಿಗೆ ಎಸೆದರೆ ಮೊತ್ತ ಏಳಾಗುವ ಸಂಭವವೆಷ್ಟೆಂದು ಆ ಶಿಲ್ಪದೆದುರಿಗೇ ಕೇಳಿದೆ. ಎರಡರಿಂದ ಹನ್ನೆರಡರವರೆಗೆ ಮೊತ್ತಗಳು ಹನ್ನೊಂದು, ಆದ್ದರಿಂದ ಹನ್ನೊಂದರಲ್ಲಿ ಒಂದು ಎಂದು ಹುಡುಗ ಹೊರಟವನು, ತನ್ನಷ್ಟಕ್ಕೆ ತಾನೇ ತಡೆದು ನಿಂತು, "ತಡೀರಿ ಮಾಮಾ, ಕೆಳಗ ಮೂವತ್ತಾರು" ಎಂದ. ಮೂವತ್ತಾರರಲ್ಲಿ ಆರು, ಆರರಲ್ಲಿ ಒಂದು. ಇಂತಹ ಕಡೆ ಎಡವಿದ ಮಹಾನುಭಾವರುಂಟು: ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವವು ಮೂರರಲ್ಲಿ ಎರಡೆಂದು ಫ್ರಾನ್ಸಿನ ಘನ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶದಲ್ಲಿಯೇ ಬರೆದ, ನಾಲ್ಕಿರಬೇಕಾದ ಛೇದವನ್ನು ಮೂರಕ್ಕೆ ಇಳಿಸಿ, ನಾಲ್ಕರಲ್ಲಿ ಮೂರೆಂಬ ಸರಿಯುತ್ತರವನ್ನು ಕಳೆದುಕೊಂಡ. ನಮ್ಮಲ್ಲಿ ಕನಕದಾಸರ ನಳಚರಿತ್ರೆಯನ್ನು ಓದಿಸಿ ಕೇಳಿದವರಿಗೆ ಋತುಪರ್ಣನ ಪರಿಚಯವಿದ್ದೇ ಇದೆ. ತಾರೆಮರದ ಎಲೆಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರದಿಂದ ಹೇಳಿದವನೂ, ಅಶ್ವವಿದ್ಯೆಗೆ ಪ್ರತಿಯಾಗಿ ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದವನೂ ಒಬ್ಬನೇ ಎಂದು ಭಾರತದ ಕಥೆ ಹೇಳುವುದು ಅರ್ಥವತ್ತಾಗಿದೆ. ಇಡೀ ಮರದಲ್ಲಿ ಎಷ್ಟಿದೆಯೆಂದು ಬಲ್ಲವನಿಗೇ ದಾಳದ ಹೃದಯವೂ ಒಲಿಯುತ್ತದೆ.

ಹತ್ತಿರದ ಘೃಷ್ಣೇಶ್ವರದ ದರ್ಶನವನ್ನೂ ಮುಗಿಸಿ ಮರದ ನೆರಳಿನಲ್ಲಿ ಕುಳಿತಾಗ, ಪೂಜೆ ಮಾಡಿಸಿಕೊಂಡು ಹೋದವರೆಲ್ಲ ಪಾಸಾದರೆಂದು ತ್ರ್ಯಂಬಕದಲ್ಲಿ ಕೇಳಿದ ಮಾತನ್ನು ಅಳಿಯನು ಎತ್ತಿದ. ಹರಕೆ ತೀರಿಸಲು ಮರಳಿ ಬರುವವರು ಪಾಸಾದವರು ಮಾತ್ರ. ನಪಾಸಾದವರು ಅಷ್ಟು ದೂರ ಏಕೆ ಬಂದಾರು? ಆದ್ದರಿಂದ ಆ ಮಾತಿನಲ್ಲಿ ಇರುವುದು ಬರಿಯ ಅಂಶ, ಪೂಜೆ ಮಾಡಿಸಿದ ಸಮಸ್ತರ ಸಂಖ್ಯೆಯೆಂಬ ಛೇದವಿಲ್ಲ ಎಂದು ನಾನು ವಿವರಿಸುತ್ತಿದ್ದೆ. ಚೀಲದಿಂದ ಅವಲಕ್ಕಿ ತೆಗೆಯುತ್ತಿದ್ದ ಅವ್ವ, ಇಷ್ಟು ಹೊತ್ತು ಯಾವುದಕ್ಕೂ ಕಿವಿಗೊಡದಂತಿದ್ದವಳು, ಕೈ ನಿಲ್ಲಿಸಿದಳು.

"ಪೂಜಾ ಮಾಡಿಸಿ ನಪಾಸಾದವರನ್ನ ಹಿಡೀಬೇಕು ಅಂತೀಯಲ್ಲ ತಮ್ಮಾ, ಖರೇನ. ಓದಿ ನಪಾಸಾದವರನ್ನ ಹಿಡಿದೀಯೇನು? ಓದಿದವರೆಲ್ಲಾ ಪಾಸಾಗತಾರ ಅಂತ ನೀನೂ ಪಾಸಾದವರನ್ನ ನೋಡೇ ಹೇಳತೀದಿ. ಎರಡೂ ಕೆಳಗ ಬರೀ, ಆಮ್ಯಾಲೆ ಮಾತಾಡು."

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಎರಡು ಉಪಾಯಗಳನ್ನು ಹೋಲಿಸಬೇಕಾದರೆ ಎರಡಕ್ಕೂ ಛೇದ ಬೇಕೆಂದು ಕೇಳುತ್ತಿದ್ದಾಳೆ. ಸಂಖ್ಯಾಶಾಸ್ತ್ರಜ್ಞರು ಕೇಳುವುದೂ ಅದನ್ನೇ. ಅಳಿಯನು ಹಾಳೆಯೊಂದರಲ್ಲಿ ನಾಲ್ಕು ಮನೆಗಳ ಕೋಷ್ಟಕವನ್ನು ಎಳೆದು ನನ್ನ ಮುಖವನ್ನು ನೋಡಿದ. ಯಾವ ಮನೆಗೆ ತುಂಬಲೂ ನನ್ನ ಬಳಿ ಅಂಕಿಯಿರಲಿಲ್ಲ, ಅವ್ವನ ಬಳಿಯೂ ಇರಲಿಲ್ಲ. ಆದರೆ ಅಂಕಿಯಿಲ್ಲದಾಗ ಏನು ಮಾಡಬೇಕೆಂಬುದನ್ನು ಆಕೆ ಧಾರವಾಡ ಬಿಡುವ ಮುನ್ನವೇ ನಿಶ್ಚಯಿಸಿಕೊಂಡಿದ್ದಳು: ಪೂಜೆಯನ್ನೂ ಮಾಡಿಸಿದ್ದಳು, ಪುಸ್ತಕವನ್ನೂ ಹೊರಿಸಿಕೊಂಡು ಬಂದಿದ್ದಳು.